ಮದ್ದು ಮದ್ದನ್ನು ಸಂಧಿಸಿದಾಗ

ನಿವೃತ್ತ ಹೆಡ್‌ಮಾಸ್ಟರೊಬ್ಬರ ಮನೆಯನ್ನು ಊಹಿಸಿಕೊಳ್ಳಬಹುದು. ನಡುಮನೆಯ ಗೋಡೆಯ ಗೂಡಿನಲ್ಲಿ, ಪಂಚಾಂಗದ ಮಗ್ಗುಲಿಗೆ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದು. ಅದರೊಳಗೆ ಈಗ ಬಿಸ್ಕತ್ತಿಲ್ಲ, ಮಾತ್ರೆಗಳಿವೆ. ಹೃದಯದ ಕೆಟ್ಟ ಕವಾಟವನ್ನು ತೆಗೆದು ಲೋಹದ ಕವಾಟವನ್ನಿಟ್ಟ ಶಸ್ತ್ರವೈದ್ಯರು, ರಕ್ತ ಹೆಪ್ಪುಗಟ್ಟದಿರಲೆಂದು ಬರೆದುಕೊಟ್ಟ ಮಾತ್ರೆ ಒಂದು. ರಕ್ತದೊತ್ತಡಕ್ಕೆ ಮತ್ತೊಬ್ಬ ಡಾಕ್ಟರು ಕೊಟ್ಟವು ಎರಡು. ಥೈರಾಯಿಡ್ ಗ್ರಂಥಿಯ ಕೊರತೆಗಾಗಿ ಬೆಳಗಿನ ಜಾವ ನುಂಗುವುದು ಇನ್ನೊಂದು. ಇವಲ್ಲದೆ ಯಾವಾಗಲೋ ನೆಗಡಿ ಬಂದಾಗ ತಂದು ಉಳಿದವು, ಯಾರೋ ನೆಂಟರು ಊರಿಗೆ ಬಂದಾಗ ಬಿಟ್ಟುಹೋದವು.

ಚಳಿಗಾಲ ಕಾಲಿಟ್ಟೊಡನೆ ಮೇಷ್ಟರಿಗೆ ಮಂಡಿನೋವು ಹೆಚ್ಚಿತು. ಜಗುಲಿಯ ಮೇಲೆ ಕುಳಿತು ಕಾಲು ನೀವಿಕೊಳ್ಳುತ್ತಿದ್ದುದನ್ನು ಪಕ್ಕದ ಮನೆಯ ರಾಯರು ಕಂಡರು. ಒಳಗೆ ಹೋಗಿ ಹಾಳೆಯೊಂದರ ತುಂಬ ಮಾತ್ರೆ ತಂದರು.

"ಮೇಷ್ಟ್ರೇ, ಇದನ್ನು ಬೆಳಗ್ಗೆ ಒಂದು, ರಾತ್ರಿ ಒಂದು ತಗೊಂಡು ನೋಡಿ. ನನ್ನ ನೋವು ಎರಡೇ ದಿನಕ್ಕೆ ಹೋಯಿತು."

ರಾಯರ ಮಾತಿನಲ್ಲಿ ಸ್ನೇಹವಲ್ಲದೆ ಬೇರೇನೂ ಇರಲಿಲ್ಲ. ಮಾತ್ರೆಯೂ ಕೆಟ್ಟದ್ದಲ್ಲ, ಪೇಟೆಯ ಔಷಧದ ಅಂಗಡಿಯಲ್ಲೆಲ್ಲ ದೊರೆಯುವ ನೋವಿನ ಮಾತ್ರೆಯೇ. ನೋವು ನಿಜಕ್ಕೂ ಇಳಿಯಿತು. ಆದರೆ ನಾಲ್ಕನೆಯ ದಿನ ಮುಂಜಾನೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದಿತು. ಮುಂದೋಳಿನ ಮೇಲೆ ಎಲ್ಲಿಯೂ ತಗಲದೆ ನೀಲಿಯ ಕಲೆಗಳೆದ್ದುವು. ಮಲವು ಟಾರಿನಂತೆ ಕಪ್ಪಾಗಿತ್ತು. ಅದನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಅವರು ಒಂದು ದಿನವನ್ನೇ ಕಳೆದರು.

ಇದು ಒಂದು ಮನೆಯ ಕಥೆಯಲ್ಲ. ಬಿಸ್ಕತ್ತಿನ ಡಬ್ಬಿಯಿರುವ ಯಾವ ಮನೆಯಲ್ಲಿಯಾದರೂ ನಡೆಯಬಹುದಾದ ಕಥೆ. ಮೇಷ್ಟರ ದೇಹದಲ್ಲಿ ನಡೆದುದೇನು? ಎರಡು ಒಳ್ಳೆಯ ಮದ್ದುಗಳು ಕೂಡಿ ಒಂದು ಕೇಡನ್ನು ಹುಟ್ಟಿಸಿದುದು ಹೇಗೆ?

ಎರಡು ಪದಗಳು ಒಂದರ ಮಗ್ಗುಲಿಗೊಂದು ಬಂದಾಗ ನಡುವಿನ ಅಕ್ಷರವೊಂದು ಲೋಪವಾಗುವುದನ್ನೂ ಹೊಸದೊಂದು ಆಗಮವಾಗುವುದನ್ನೂ ವ್ಯಾಕರಣದ ಮೊದಲ ಪಾಠ ಓದಿದ ಮಕ್ಕಳೆಲ್ಲ ಬಲ್ಲರು. ಮದ್ದುಗಳ ಸಂಧಿಯಲ್ಲಿಯೂ ಇಂಥದೇ ನಡೆಯುತ್ತದೆ. ಕೆಲವೊಮ್ಮೆ ಒಂದು ಮದ್ದಿನ ಗುಣ ಲೋಪವಾಗುತ್ತದೆ. ಕೆಲವೊಮ್ಮೆ ಯಾರೂ ಬಯಸದ ಗುಣವೊಂದು ಬಂದು ಸೇರುತ್ತದೆ. ಅದು ದೇಹದ ಯಾವ ಎಡೆಯಲ್ಲಿ ನಡೆಯಿತೆಂಬುದನ್ನು ತಿಳಿಯಬೇಕಾದರೆ ಮಾತ್ರೆಯ ಹಿಂದೆಯೇ ಅದರ ದಾರಿಯಲ್ಲಿ ನಡೆದುಹೋಗಬೇಕು.

ಹೊಟ್ಟೆಯಲ್ಲಿ

ನುಂಗಿದ ಮಾತ್ರೆ ಮೊದಲು ಹೊಟ್ಟೆಯಲ್ಲಿ ಕರಗಿ, ಸಣ್ಣ ಕರುಳಿಗಿಳಿದು, ಅಲ್ಲಿಂದ ರಕ್ತಕ್ಕೆ ಸೇರಬೇಕು. ಈ ಮೊದಲ ಹೊಸ್ತಿಲಿನಲ್ಲಿಯೇ ಕೆಲವು ಮದ್ದುಗಳು ಸಿಕ್ಕಿಬೀಳುವುದುಂಟು. ಟೆಟ್ರಸೈಕ್ಲಿನ್ ಎಂಬ ಸೋಂಕುನಾಶಕವನ್ನು ಹಾಲಿನೊಡನೆ ಕುಡಿದರೆ, ಹಾಲಿನಲ್ಲಿರುವ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೀಗೆ ಹೆಣೆದುಕೊಂಡ ಜೋಡಿಯನ್ನು ಕರುಳು ಹೀರಲಾರದು. ಮದ್ದಿನ ಹೆಚ್ಚಿನ ಪಾಲು ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುತ್ತದೆ. ಮಾತ್ರೆ ಕಹಿಯೆಂದು ಮಗುವಿಗೆ ಹಾಲಿನಲ್ಲಿ ಕದಡಿ ಕುಡಿಸುವ ತಾಯಿಗೆ ಇದು ತಿಳಿದಿರುವುದಿಲ್ಲ.

ಥೈರಾಯಿಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯ ಸಂಗತಿ ಇನ್ನೂ ಸೂಕ್ಷ್ಮ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳು ಅದನ್ನು ಹೊಟ್ಟೆಯಲ್ಲಿಯೇ ತಡೆಯುತ್ತವೆ. ಆದುದರಿಂದ ಇವುಗಳ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕೆಂದು ವೈದ್ಯರು ಹೇಳುತ್ತಾರೆ. ಮಾತ್ರೆಯ ಬೆನ್ನಿಗೇ ಕಾಫಿ ಕುಡಿದವರಲ್ಲಿ ಅದು ಸರಿಯಾಗಿ ರಕ್ತ ಸೇರುವುದಿಲ್ಲವೆಂಬುದನ್ನು 2008ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದರು. ಎದ್ದೊಡನೆ ಫಿಲ್ಟರ್ ಕಾಫಿಯ ಪರಿಮಳಕ್ಕೆ ಮನಸೋಲುವ ನಮ್ಮ ಊರುಗಳಲ್ಲಿ ಈ ಸುದ್ದಿಗೆ ಬೆಲೆಯುಂಟು. ಮಾತ್ರೆಯನ್ನು ಬರಿಯ ನೀರಿನೊಡನೆ ನುಂಗಿ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಾದರೆ ಮಾತ್ರೆಗೂ ನ್ಯಾಯ, ಕಾಫಿಗೂ ನ್ಯಾಯ.

ಕರುಳಿನ ಗೋಡೆಯಲ್ಲಿ

ಹೊಟ್ಟೆಯ ಹೊಸ್ತಿಲು ದಾಟಿದ ಮದ್ದಿಗೆ ಕರುಳಿನ ಗೋಡೆಯಲ್ಲಿ ಎರಡನೆಯ ಕಾವಲು. ಅಲ್ಲಿ ಕಿಣ್ವಗಳೆಂಬ ಕೆಲಸಗಾರರಿದ್ದಾರೆ. ಹೊರಗಿನಿಂದ ಬಂದ ಅಪರಿಚಿತ ವಸ್ತುವನ್ನು ಮುರಿದು ನಿರಪಾಯ ಮಾಡುವುದು ಅವರ ಕೆಲಸ. ಮದ್ದೂ ದೇಹದ ಪಾಲಿಗೆ ಅಪರಿಚಿತ ವಸ್ತುವೇ. ಆದುದರಿಂದ ನುಂಗಿದ ಮದ್ದಿನ ಒಂದು ಪಾಲು ರಕ್ತವನ್ನು ಮುಟ್ಟುವ ಮೊದಲೇ ನಾಶವಾಗುತ್ತದೆ. ಔಷಧ ತಯಾರಿಸುವವರು ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ. ಕಾವಲುಗಾರರನ್ನು ಯಾರಾದರೂ ಮಲಗಿಸಿಬಿಟ್ಟರೆ?

ಈ ಪ್ರಶ್ನೆಗೆ ಉತ್ತರ ಆಕಸ್ಮಿಕವಾಗಿ ದೊರೆಯಿತು. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿಯೂ ಲಂಡನ್ ಎಂಬ ಹೆಸರಿನ ಊರೊಂದಿದೆ. ಅಲ್ಲಿ ಡೇವಿಡ್ ಬೈಲಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು, ರಕ್ತದೊತ್ತಡಕ್ಕೆ ಕೊಡುವ ಫೆಲೋಡಿಪಿನ್ ಎಂಬ ಮದ್ದಿಗೂ ಮದ್ಯಕ್ಕೂ ಏನಾದರೂ ಸಂಬಂಧವುಂಟೇ ಎಂಬುದನ್ನು ಪರೀಕ್ಷಿಸುತ್ತಿದ್ದರು. ಯಾರಿಗೆ ಮದ್ಯ ಕೊಟ್ಟಿದೆ, ಯಾರಿಗೆ ಕೊಟ್ಟಿಲ್ಲ ಎಂಬುದು ಕುಡಿಯುವವರಿಗೆ ತಿಳಿಯಬಾರದಷ್ಟೆ. ಅದರ ರುಚಿಯನ್ನು ಮುಚ್ಚಲು ಗ್ರೇಪ್‌ಫ್ರೂಟ್ ಹಣ್ಣಿನ ರಸವನ್ನು ಬೆರೆಸಿಕೊಟ್ಟರು. ಫಲಿತಾಂಶ ನೋಡಿದರೆ ಮದ್ಯ ಕುಡಿದವರಲ್ಲಿಯೂ ಕುಡಿಯದವರಲ್ಲಿಯೂ ರಕ್ತದಲ್ಲಿ ಮದ್ದು ನಿರೀಕ್ಷಿಸಿದುದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು! ಮದ್ಯವನ್ನು ಸಂಶಯಿಸಿದ್ದರು, ಸಿಕ್ಕಿಬಿದ್ದುದು ಹಣ್ಣಿನ ರಸ. ಬೈಲಿಯವರು ತಮ್ಮ ಮೇಲೆಯೇ ಪ್ರಯೋಗ ಮಾಡಿ ನೋಡಿದರು, ಸಂಶಯ ನಿಜವಾಯಿತು. 1989ರಲ್ಲಿ ಮೊದಲ ವರದಿ ಹೊರಬಿದ್ದಿತು. 1991ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದೇ ವಿಷಯವಾಗಿ ಅವರ ಲೇಖನ ಪ್ರಕಟವಾದ ಮೇಲೆ ವೈದ್ಯಲೋಕ ಎಚ್ಚತ್ತಿತು.

ಹಣ್ಣಿನಲ್ಲಿರುವ ಫ್ಯುರಾನೋಕೂಮರಿನ್ ಎಂಬ ವಸ್ತುಗಳು ಕರುಳಿನ ಗೋಡೆಯ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತವೆಂದು ಅನಂತರ ತಿಳಿಯಿತು. ದೇಹ ಹೊಸ ಕಿಣ್ವವನ್ನು ತಯಾರಿಸಿಕೊಳ್ಳುವವರೆಗೆ, ಅಂದರೆ ಒಂದೆರಡು ದಿನಗಳೂ ಕೆಲವೊಮ್ಮೆ ಇನ್ನೂ ಹೆಚ್ಚೂ, ಕಾವಲಿಲ್ಲ. ಬೆಳಗ್ಗೆ ರಸ ಕುಡಿದು ರಾತ್ರಿ ಮಾತ್ರೆ ನುಂಗಿದರೂ ಅಪಾಯ ತಪ್ಪದು. ರಕ್ತದೊತ್ತಡದ ಕೆಲವು ಮದ್ದುಗಳು, ಕೊಲೆಸ್ಟರಾಲ್ ಇಳಿಸುವ ಕೆಲವು ಮದ್ದುಗಳು, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಮದ್ದುಗಳು ಈ ಪಟ್ಟಿಯಲ್ಲಿವೆ.

ಗ್ರೇಪ್‌ಫ್ರೂಟು ನಮ್ಮಲ್ಲಿ ಅಪರೂಪ ಎಂದು ಸಮಾಧಾನಪಡುವ ಮುನ್ನ ಒಂದು ಮಾತು. ಕಿತ್ತಳೆಯ ಜಾತಿಯೊಂದು ಚಕ್ಕೋತದೊಡನೆ ಕೂಡಿ ಹುಟ್ಟಿದ ಹಣ್ಣೇ ಅದು. ದೇವನಹಳ್ಳಿಯ ಚಕ್ಕೋತವನ್ನು ತೊಳೆತೊಳೆಯಾಗಿ ಬಿಡಿಸಿ, ಉಪ್ಪು ಖಾರ ಸವರಿ ತಿನ್ನುವವರು ಆ ಹಣ್ಣಿನ ತಾಯಿಯ ಮನೆಯವರೇ ಆದರು. ಚಕ್ಕೋತದಲ್ಲಿಯೂ ಅದೇ ಬಗೆಯ ವಸ್ತುಗಳಿವೆ. ಅಂಗ ಕಸಿ ಮಾಡಿಸಿಕೊಂಡವರಾಗಲಿ ಮೇಲಿನ ಮದ್ದುಗಳನ್ನು ದಿನವೂ ನುಂಗುವವರಾಗಲಿ ವೈದ್ಯರನ್ನು ಕೇಳದೆ ಈ ಹಣ್ಣಿಗೆ ಕೈಹಾಕದಿರುವುದು ಲೇಸು.

ಪಿತ್ತಜನಕಾಂಗದ ಕಾರ್ಖಾನೆ

ಕರುಳನ್ನು ದಾಟಿದ ರಕ್ತ ನೇರವಾಗಿ ಹೋಗುವುದು ಪಿತ್ತಜನಕಾಂಗಕ್ಕೆ. ಮದ್ದನ್ನು ಮುರಿಯುವ ಮುಖ್ಯ ಕಾರ್ಖಾನೆ ಅದು. ಇಲ್ಲಿನ ಕಿಣ್ವಗಳ ದೊಡ್ಡ ಕುಟುಂಬವೊಂದಕ್ಕೆ ಸೈಟೋಕ್ರೋಮ್ ಪಿ-450 ಎಂದು ಹೆಸರು. ಇಂಗಾಲದ ಮಾನಾಕ್ಸೈಡಿನೊಡನೆ ಸೇರಿದಾಗ 450 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹೀರುವುದರಿಂದ ಆ ಅಂಕಿ ಅಂಟಿಕೊಂಡಿತು. ಜಪಾನಿನ ಒಮುರಾ ಮತ್ತು ಸಾಟೋ ಎಂಬ ವಿಜ್ಞಾನಿಗಳು 1962ರಲ್ಲಿಯೂ 1964ರಲ್ಲಿಯೂ ಇದರ ಸ್ವರೂಪವನ್ನು ವಿವರಿಸಿದರು. ಮನುಷ್ಯನಲ್ಲಿ ಈ ಕುಟುಂಬದ 57 ಸದಸ್ಯರನ್ನು ಗುರುತಿಸಲಾಗಿದೆ. ಆದರೆ ಮದ್ದುಗಳ ಹೊರೆಯಲ್ಲಿ ಬಹುಪಾಲನ್ನು ಹೊರುವವರು ನಾಲ್ಕಾರು ಮಂದಿ ಮಾತ್ರ. ಕೂಡುಕುಟುಂಬದಲ್ಲಿ ಎಲ್ಲರೂ ಉಂಡರೂ ಅಡಿಗೆ ಮಾಡುವವರು ಇಬ್ಬರೇ ಇದ್ದಂತೆ. ಆದುದರಿಂದಲೇ ಎರಡು ಮದ್ದುಗಳು ಒಂದೇ ಕಿಣ್ವದ ಮುಂದೆ ಸಾಲುನಿಲ್ಲುವ ಪ್ರಸಂಗ ಬರುತ್ತದೆ.

ಅಮೆರಿಕದಲ್ಲಿ 1985ರಲ್ಲಿ ಟರ್ಫೆನಡಿನ್ ಎಂಬ ಮದ್ದು ಮಾರುಕಟ್ಟೆಗೆ ಬಂದಿತು. ಅದುವರೆಗಿನ ನೆಗಡಿ, ಸೀನು, ತುರಿಕೆಯ ಮದ್ದುಗಳು ನಿದ್ದೆ ಬರಿಸುತ್ತಿದ್ದುವು. ಇದು ಬರಿಸಲಿಲ್ಲ. ಜನ ಹರ್ಷದಿಂದ ಬರಮಾಡಿಕೊಂಡರು. 1990ರಲ್ಲಿ ಒಂದು ವರದಿ ಹೊರಬಿದ್ದಿತು: ಈ ಮಾತ್ರೆಯನ್ನು ಸೇವಿಸುತ್ತಿದ್ದ 39 ವರ್ಷದ ಮಹಿಳೆಯೊಬ್ಬರು ಪದೇಪದೇ ಮೂರ್ಛೆ ಹೋಗತೊಡಗಿದ್ದರು. ಅವರ ಹೃದಯದ ತಾಳವೇ ತಪ್ಪಿತ್ತು. ವಿಚಾರಿಸಲಾಗಿ, ಶಿಲೀಂಧ್ರದ ಸೋಂಕಿಗೆಂದು ಕೀಟೋಕೊನಜೋಲ್ ಎಂಬ ಇನ್ನೊಂದು ಮದ್ದನ್ನೂ ಅವರು ನುಂಗುತ್ತಿದ್ದುದು ತಿಳಿಯಿತು.

ಗುಟ್ಟು ಇಷ್ಟೆ. ನುಂಗಿದ ಟರ್ಫೆನಡಿನ್ ಸಾಮಾನ್ಯವಾಗಿ ರಕ್ತದಲ್ಲಿ ಉಳಿಯುವುದೇ ಇಲ್ಲ. ಕಿಣ್ವವು ಅದನ್ನು ಕೂಡಲೇ ಇನ್ನೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಸೀನನ್ನು ನಿಲ್ಲಿಸುವುದು ಆ ಮಾರ್ಪಟ್ಟ ವಸ್ತು. ಕೀಟೋಕೊನಜೋಲ್ ಬಂದು ಕಿಣ್ವದ ಕೈಕಟ್ಟಿದಾಗ ಮೂಲವಸ್ತುವೇ ರಕ್ತದಲ್ಲಿ ತುಂಬಿಕೊಂಡಿತು. ಅದು ಹೃದಯಕ್ಕೆ ಮಾರಕವೆಂಬುದು ಆಗ ಬೆಳಕಿಗೆ ಬಂದಿತು. ಎರಿತ್ರೋಮೈಸಿನ್ ಎಂಬ ಸಾಧಾರಣ ಸೋಂಕುನಾಶಕವೂ ಇದನ್ನೇ ಮಾಡುತ್ತಿತ್ತು. ಕೆಲವರು ಪ್ರಾಣವನ್ನೂ ಕಳೆದುಕೊಂಡರು. 1998ರಲ್ಲಿ ಟರ್ಫೆನಡಿನ್ ಅಮೆರಿಕದ ಅಂಗಡಿಗಳಿಂದ ಹೊರಬಿದ್ದಿತು. ಅದರ ಸ್ಥಾನಕ್ಕೆ ಬಂದುದು ದೇಹವೇ ತಯಾರಿಸುತ್ತಿದ್ದ ಆ ಮಾರ್ಪಟ್ಟ ವಸ್ತು. ಇಂದು ಫೆಕ್ಸೋಫೆನಡಿನ್ ಎಂಬ ಹೆಸರಿನಿಂದ ಅದು ಎಲ್ಲೆಡೆಯೂ ದೊರೆಯುತ್ತದೆ.

ಕಿಣ್ವದ ಕೈಕಟ್ಟುವ ಮದ್ದುಗಳಿರುವಂತೆಯೇ ಅದರ ಕೆಲಸಗಾರರ ಸಂಖ್ಯೆಯನ್ನು ಹೆಚ್ಚಿಸುವ ಮದ್ದುಗಳೂ ಇವೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಇವುಗಳಲ್ಲಿ ಅಗ್ರಗಣ್ಯ. ಅದು ದೇಹಕ್ಕೆ ಬಂದ ಒಂದೆರಡು ವಾರಗಳಲ್ಲಿ ಪಿತ್ತಜನಕಾಂಗ ಹೆಚ್ಚುಹೆಚ್ಚು ಕಿಣ್ವವನ್ನು ತಯಾರಿಸತೊಡಗುತ್ತದೆ. ಇತರ ಮದ್ದುಗಳು ಕೆಲಸಕ್ಕೆ ತೊಡಗುವ ಮೊದಲೇ ಮುರಿದುಬೀಳುತ್ತವೆ. ರಿಫಾಂಪಿಸಿನ್ ಸೇವಿಸುತ್ತಿದ್ದ ಹೆಂಗಸರಲ್ಲಿ ಸಂತಾನನಿಯಂತ್ರಣದ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದನ್ನು 1971ರಲ್ಲಿ ಜರ್ಮನಿಯ ವೈದ್ಯರು ತಿಳಿಸಿದರು. ಭಾರತದಂಥ ದೇಶದಲ್ಲಿ, ಕ್ಷಯಕ್ಕೆ ಚಿಕಿತ್ಸೆ ಪಡೆಯುವ ತರುಣಿಯರು ಲಕ್ಷಗಟ್ಟಲೆ ಇರುವಲ್ಲಿ, ಇದು ತಿಳಿದಿರಲೇಬೇಕಾದ ಸಂಗತಿ. ಹಾಗೆಂದು ಕ್ಷಯದ ಮದ್ದನ್ನು ಬಿಡುವುದು ಸರ್ವಥಾ ಕೂಡದು, ಬದಲಿಸಬೇಕಾದುದು ಇನ್ನೊಂದನ್ನು. ಅದನ್ನು ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು.

ಹಾಳಾದ ಹುಲ್ಲಿನಿಂದ ಬಂದ ಮದ್ದು

ಇನ್ನು ಹೆಡ್‌ಮಾಸ್ಟರವರ ಡಬ್ಬಿಯಲ್ಲಿದ್ದ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ. ಅದರ ಜಾತಿಯ ಮದ್ದುಗಳಿಗೆ ಒಂದು ವಿಚಿತ್ರ ಚರಿತ್ರೆಯುಂಟು.

1933ರ ಫೆಬ್ರವರಿ. ಅಮೆರಿಕದ ವಿಸ್ಕಾನ್ಸಿನ್ ಸೀಮೆಯಲ್ಲಿ ಹಿಮದ ಬಿರುಗಾಳಿ ಬೀಸುತ್ತಿತ್ತು. ಎಡ್ ಕಾರ್ಲ್‌ಸನ್ ಎಂಬ ರೈತ, ಸತ್ತ ಕಡಸೊಂದನ್ನೂ, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ, ಒಂದಿಷ್ಟು ಬೂಸಲು ಹಿಡಿದ ಒಣಹುಲ್ಲನ್ನೂ ಗಾಡಿಯಲ್ಲಿ ಹಾಕಿಕೊಂಡು ಮ್ಯಾಡಿಸನ್ ನಗರಕ್ಕೆ ಬಂದ. ಅವನ ದನಗಳು ಒಂದರ ಹಿಂದೆ ಒಂದು ರಕ್ತ ಸೋರಿ ಸಾಯುತ್ತಿದ್ದುವು. ಬಂದು ಸೇರಿದುದು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನವಿಜ್ಞಾನಿಯ ಪ್ರಯೋಗಶಾಲೆಗೆ. ಹುಲ್ಲು ಕೊಡಬೇಡ ಎಂಬ ಮಾತಿನ ಹೊರತು ಆ ದಿನ ಲಿಂಕ್ ಅವರಲ್ಲಿ ಬೇರೆ ಪರಿಹಾರವಿರಲಿಲ್ಲ. ಆದರೆ ಆ ರಕ್ತವನ್ನು ಅವರು ಮರೆಯಲಿಲ್ಲ. ಆರು ವರ್ಷಗಳ ದುಡಿಮೆಯ ಮೇಲೆ, 1939ರಲ್ಲಿ, ಸ್ವೀಟ್ ಕ್ಲೋವರ್ ಎಂಬ ಆ ಮೇವು ಬೂಸಲು ಹಿಡಿದಾಗ ಹುಟ್ಟುವ ಡೈಕೂಮರಾಲ್ ಎಂಬ ವಸ್ತುವನ್ನು ಅವರ ಪ್ರಯೋಗಶಾಲೆ ಬೇರ್ಪಡಿಸಿತು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಬಳಕೆಗೆ ಬಂದಿತು. 1954ರಲ್ಲಿ ಮನುಷ್ಯರಿಗೆ ಮದ್ದಾಯಿತು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನು ಕೊಡಲಾಯಿತು.

ಇಲಿಯನ್ನು ಕೊಲ್ಲುವುದೂ ಮನುಷ್ಯನನ್ನು ಉಳಿಸುವುದೂ ಒಂದೇ ಗುಣದಿಂದ. ರಕ್ತವನ್ನು ಹೆಪ್ಪುಗಟ್ಟಿಸುವ ಕೆಲವು ವಸ್ತುಗಳನ್ನು ಪಿತ್ತಜನಕಾಂಗ ತಯಾರಿಸಬೇಕಾದರೆ ಕೆ ಜೀವಸತ್ವ ಬೇಕು. ವಾರ್ಫರಿನ್ ಆ ಜೀವಸತ್ವದ ಬಳಕೆಗೆ ಅಡ್ಡಬರುತ್ತದೆ. ಕಡಿಮೆಯಾದರೆ ಲೋಹದ ಕವಾಟದ ಮೇಲೆ ರಕ್ತ ಗಟ್ಟಿಯಾಗಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆದೀತು. ಹೆಚ್ಚಾದರೆ ಒಳಗೊಳಗೇ ರಕ್ತ ಸೋರೀತು. ಎರಡರ ನಡುವಿನ ದಾರಿ ಬಹಳ ಕಿರಿದು. ಅದಕ್ಕಾಗಿಯೇ ಆಗಾಗ ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನು ತಿದ್ದುತ್ತಿರುತ್ತಾರೆ.

ಇಂಥ ಮದ್ದಿನ ನೆರೆಗೆ ಯಾರು ಬಂದರೂ ಕಲಹ. ಆಮಶಂಕೆಗೆಂದು ಕೊಡುವ ಮೆಟ್ರೋನಿಡಜೋಲ್ ವಾರ್ಫರಿನ್ನನ್ನು ಮುರಿಯುವ ಕಿಣ್ವವನ್ನು ತಡೆದು, ರಕ್ತಸ್ರಾವದ ಕಡೆಗೆ ದೂಡುತ್ತದೆ. ರಿಫಾಂಪಿಸಿನ್ ಅದಕ್ಕೆ ವಿರುದ್ಧವಾಗಿ ವಾರ್ಫರಿನ್ನಿನ ಶಕ್ತಿಯನ್ನೇ ಕುಂದಿಸುತ್ತದೆ; ಆಗ ವೈದ್ಯರು ಪ್ರಮಾಣವನ್ನು ಏರಿಸಬೇಕಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕ್ಷಯದ ಚಿಕಿತ್ಸೆ ಮುಗಿದು ರಿಫಾಂಪಿಸಿನ್ ನಿಂತ ಮೇಲೆ, ಹೆಚ್ಚಾಗಿದ್ದ ಕಿಣ್ವಗಳು ಮೆಲ್ಲಮೆಲ್ಲನೆ ಕಡಿಮೆಯಾಗುತ್ತವೆ. ಏರಿಸಿದ ಪ್ರಮಾಣವನ್ನು ಆಗ ಇಳಿಸದಿದ್ದರೆ ಅದೇ ಪ್ರಮಾಣ ವಿಷವಾಗುತ್ತದೆ. ಹೊಸ ಮದ್ದನ್ನು ತೊಡಗುವಾಗ ಮಾತ್ರವಲ್ಲ, ಹಳೆಯ ಮದ್ದನ್ನು ನಿಲ್ಲಿಸುವಾಗಲೂ ಎಚ್ಚರ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಸೊಪ್ಪಿನಲ್ಲಿ ಕೆ ಜೀವಸತ್ವ ಹೇರಳವಾಗಿದೆ. ಇದನ್ನು ಕೇಳಿ ಕೆಲವರು ಸೊಪ್ಪನ್ನೇ ತ್ಯಜಿಸುತ್ತಾರೆ. ಅದೂ ಸರಿಯಲ್ಲ. ವಾರಕ್ಕೆ ಎಷ್ಟು ತಿನ್ನುವ ವಾಡಿಕೆಯೋ ಅಷ್ಟನ್ನೇ ತಪ್ಪದೆ ತಿನ್ನುತ್ತಿದ್ದರೆ ಮದ್ದಿನ ಲೆಕ್ಕ ಅದಕ್ಕೆ ಹೊಂದಿಕೊಂಡಿರುತ್ತದೆ. ಒಂದು ತಿಂಗಳು ಸೊಪ್ಪಿನ ಮುಖ ನೋಡದೆ, ಮರುತಿಂಗಳು ದಿನವೂ ಬಸ್ಸಾರು ಉಂಡರೆ ಲೆಕ್ಕ ಕೆಡುತ್ತದೆ.

ಮೇಷ್ಟರ ನೋವಿನ ಮಾತ್ರೆ ಮಾಡಿದ ಕೇಡಿನ ಬಗೆ ಬೇರೆ. ಅದು ಮುಖ್ಯವಾಗಿ ಕಿಣ್ವಗಳ ಜಗಳವಲ್ಲ; ಎರಡು ಮದ್ದುಗಳ ಪರಿಣಾಮಗಳು ಒಂದರ ಮೇಲೊಂದು ಬಿದ್ದುದು. ಆ ಮಾತ್ರೆ ಜಠರದ ಒಳಪದರವನ್ನು ಕಾಪಾಡುವ ವಸ್ತುವನ್ನು ಕುಂದಿಸಿ ಅಲ್ಲಿ ಹುಣ್ಣು ಮಾಡಬಲ್ಲುದು. ಗಾಯದ ಬಾಯಿಗೆ ಮೊದಲು ಬಂದು ಅಂಟಿಕೊಳ್ಳುವ ರಕ್ತದ ಕಿರುಬಿಲ್ಲೆಗಳ ಅಂಟನ್ನೂ ಅದು ಕಡಿಮೆಮಾಡುತ್ತದೆ. ಜಠರದಲ್ಲಿ ಗಾಯ, ಗಾಯವನ್ನು ಮುಚ್ಚುವ ಬಿಲ್ಲೆಗಳು ಸೋಮಾರಿ, ಹೆಪ್ಪುಗಟ್ಟಿಸುವ ವಸ್ತುಗಳು ಮೊದಲೇ ವಿರಳ. ಮೂರೂ ಕೂಡಿದಾಗ ಉಳಿದುದು ಸೋರುವ ರಕ್ತ. ಕಪ್ಪಾದ ಮಲ ಅದರ ಗುರುತು.

ಮೂತ್ರಪಿಂಡದ ಬಾಗಿಲಿನಲ್ಲಿ

ಕೆಲಸ ಮುಗಿಸಿದ ಮದ್ದಿಗೆ ಹೊರಹೋಗುವ ಮುಖ್ಯ ಬಾಗಿಲು ಮೂತ್ರಪಿಂಡ. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೋಲೀಸಿನವನಿಗೆ ಪೆನಿಸಿಲಿನ್ ಚುಚ್ಚಿದರು. ಕೀವುಗಟ್ಟಿ ಸಾಯುತ್ತಿದ್ದವನು ಚೇತರಿಸಿಕೊಂಡನು. ಆದರೆ ಮೂತ್ರಪಿಂಡಗಳು ಆ ಅಮೂಲ್ಯ ಮದ್ದನ್ನು ಅತಿವೇಗದಲ್ಲಿ ಹೊರದೂಡುತ್ತಿದ್ದುವು. ವಿಜ್ಞಾನಿಗಳು ಅವನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮತ್ತೆ ತೆಗೆದು ಮತ್ತೆ ಚುಚ್ಚಿದರು. ಸಾಲಲಿಲ್ಲ, ಮದ್ದು ಮುಗಿಯಿತು, ಅವನು ತೀರಿಕೊಂಡನು. ಮುಂದೆ 1950ರ ದಶಕದ ಆರಂಭದಲ್ಲಿ ಪ್ರೊಬೆನೆಸಿಡ್ ಎಂಬ ಮದ್ದು ಬಂದು ಮೂತ್ರಪಿಂಡದ ಆ ಬಾಗಿಲನ್ನು ಅರೆಮುಚ್ಚಿ, ಪೆನಿಸಿಲಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿತು. ಮದ್ದುಗಳ ಕೂಟದಿಂದ ಒಳಿತನ್ನೂ ಪಡೆಯಬಹುದೆಂಬುದು ಇದರಿಂದ ತಿಳಿಯಿತು.

ನಮ್ಮ ಅಡಿಗೆಮನೆಗೆ ಹತ್ತಿರವಾದ ನಿದರ್ಶನ ಇನ್ನೊಂದಿದೆ. ಅರಿಸಿನದ ಸಾರವಾದ ಕರ್ಕ್ಯುಮಿನ್ನನ್ನು ನುಂಗಿದರೆ ಅದು ರಕ್ತ ಸೇರುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು, 2 ಗ್ರಾಂ ಕರ್ಕ್ಯುಮಿನ್ನಿಗೆ ಕೇವಲ 20 ಮಿಲಿಗ್ರಾಂ ಪೈಪರಿನ್, ಎಂದರೆ ಕರಿಮೆಣಸಿನ ಸಾರವನ್ನು ಸೇರಿಸಿ ಸ್ವಯಂಸೇವಕರಿಗೆ ಕೊಟ್ಟರು. ರಕ್ತ ಸೇರಿದ ಪ್ರಮಾಣದಲ್ಲಿ ಶೇಕಡ 2000ದಷ್ಟು ಹೆಚ್ಚಳ ಕಂಡುಬಂದಿತು. ಸಾರಿಗೆ ಹಾಕುವ ಚಿಟಿಕೆ ಮೆಣಸಿಗೆ ಹೆದರಬೇಕಾಗಿಲ್ಲ. ಆದರೆ ಅದೇ ಸಾರವನ್ನು ಗುಳಿಗೆಯಾಗಿ ತುಂಬಿ ಮಾರಿದಾಗ, ಅದು ಅರಿಸಿನವನ್ನು ಹೆಚ್ಚಿಸಿದಂತೆ ಬೇರೆ ಮದ್ದನ್ನೂ ಹೆಚ್ಚಿಸಬಹುದೆಂಬ ನೆನಪು ಇರಬೇಕು. ಗಿಡಮೂಲಿಕೆಯಾದುದರಿಂದ ಅಪಾಯವಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಮನಸ್ಸಿನ ಖಿನ್ನತೆಗೆ ಯೂರೋಪಿನಲ್ಲಿ ಬಳಸುವ ಹಳದಿ ಹೂವಿನ ಗಿಡವೊಂದರ ಸಾರವನ್ನು ಸೇವಿಸಿದ ಇಬ್ಬರು ಹೃದಯ ಕಸಿ ರೋಗಿಗಳಲ್ಲಿ, ಕಸಿಯನ್ನು ಕಾಪಾಡುವ ಮದ್ದಿನ ಶಕ್ತಿ ಕುಂದಿ, ಹೊಸ ಹೃದಯವನ್ನೇ ದೇಹ ತಿರಸ್ಕರಿಸತೊಡಗಿದುದನ್ನು 2000ದಲ್ಲಿ ಜ್ಯೂರಿಕ್ ನಗರದ ವೈದ್ಯರು ವರದಿ ಮಾಡಿದರು.

ಹೇಳದೆ ಉಳಿದ ಮಾತು

ಜಪಾನಿನಲ್ಲಿ 1993ರಲ್ಲಿ ನಡೆದ ದುರಂತವನ್ನು ಕೇಳಿದರೆ ಎದೆ ನಡುಗುತ್ತದೆ. ಸರ್ಪಸುತ್ತಿಗೆಂದು ಸೊರಿವುಡಿನ್ ಎಂಬ ಹೊಸ ಮದ್ದು ಮಾರಾಟಕ್ಕೆ ಬಂದಿತು. ನಲವತ್ತು ದಿನಗಳೊಳಗಾಗಿ, ಅದನ್ನು ನುಂಗಿದ 15 ಮಂದಿ ಸತ್ತರು. ಅವರೆಲ್ಲ ಕ್ಯಾನ್ಸರಿಗಾಗಿ ಫ್ಲೋರೋಯುರಾಸಿಲ್ ಜಾತಿಯ ಮದ್ದನ್ನೂ ಸೇವಿಸುತ್ತಿದ್ದವರು. ಹೊಸ ಮದ್ದನ್ನು ಕರುಳಿನ ಸೂಕ್ಷ್ಮಜೀವಿಗಳು ಇನ್ನೊಂದು ವಸ್ತುವಾಗಿ ಬದಲಿಸಿದುವು. ಆ ವಸ್ತು ಕ್ಯಾನ್ಸರಿನ ಮದ್ದನ್ನು ಮುರಿಯುವ ಕಿಣ್ವವನ್ನು ನಾಶಮಾಡಿತು. ತಡೆಯಿಲ್ಲದ ಕ್ಯಾನ್ಸರಿನ ಮದ್ದು ದೇಹದಲ್ಲಿ ಶೇಖರವಾಗಿ ಮಜ್ಜೆಯನ್ನೂ ಕರುಳನ್ನೂ ಸುಟ್ಟಿತು.

ಇಲ್ಲಿ ಇನ್ನೊಂದು ವಿಚಾರವಿದೆ. ರೋಗಿಗೆ ಕ್ಯಾನ್ಸರ್ ಎಂಬ ಮಾತನ್ನು ಅವನಿಂದಲೇ ಮುಚ್ಚಿಡುವ ರೂಢಿ ಆ ದಿನಗಳ ಜಪಾನಿನಲ್ಲಿ ಬಲವಾಗಿತ್ತು. ತಾನು ನುಂಗುತ್ತಿರುವುದು ಏನೆಂದು ತಿಳಿಯದವನು ಇನ್ನೊಬ್ಬ ವೈದ್ಯರಿಗೆ ಏನೆಂದು ಹೇಳಿಯಾನು? ಈ ರೂಢಿ ನಮ್ಮ ಮನೆಗಳಿಗೂ ಅಪರಿಚಿತವಲ್ಲ. ಅಜ್ಜಿಗೆ ತಿಳಿದರೆ ಎದೆಗುಂದುತ್ತಾರೆಂದು ಮುಚ್ಚಿಡುವ ಮಕ್ಕಳುಂಟು. ಮನೋವೈದ್ಯರ ಮಾತ್ರೆಯನ್ನು ಮೂರನೆಯವರ ಮುಂದೆ ಹೇಳಲು ನಾಚುವ ತರುಣರುಂಟು. ನಾಟಿವೈದ್ಯರ ಪುಡಿಯನ್ನು, ದೊಡ್ಡ ಡಾಕ್ಟರು ಗದರಿಸಿಯಾರೆಂದು ಮರೆಮಾಚುವವರುಂಟು. ಪ್ರೀತಿಯಿಂದಲೋ ನಾಚಿಕೆಯಿಂದಲೋ ಮುಚ್ಚಿದ ಮಾತು ದೇಹದೊಳಗೆ ಮುಚ್ಚಿಕೊಂಡಿರುವುದಿಲ್ಲ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಕಿಣ್ವಗಳ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮನೆಯಲ್ಲಿ ಯಾರುಯಾರು ಯಾವ ಮದ್ದನ್ನು, ಎಷ್ಟು, ಯಾವ ಹೊತ್ತಿಗೆ ಸೇವಿಸುತ್ತಾರೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಕಷಾಯ, ಲೇಹ್ಯ, ಪುಡಿ, ಶಕ್ತಿಯ ಗುಳಿಗೆ ಎಲ್ಲವೂ ಅದರಲ್ಲಿರಲಿ. ಯಾವ ವೈದ್ಯರ ಬಳಿಗೆ ಹೋದರೂ, ಹಲ್ಲಿನ ವೈದ್ಯರ ಬಳಿಗಾದರೂ, ಆ ಹಾಳೆ ಜೊತೆಯಲ್ಲಿರಲಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ನೋವಿನ ಮಾತ್ರೆ ಕೊಳ್ಳುವಾಗ, ಈಗಾಗಲೇ ಸೇವಿಸುತ್ತಿರುವುದನ್ನು ಹೇಳಿ ಕೇಳಲಿ. ಇದನ್ನೆಲ್ಲ ಓದಿ ಹೆದರಿ ಯಾವ ಮದ್ದನ್ನಾಗಲಿ ತಾನಾಗಿ ನಿಲ್ಲಿಸುವುದು ಮಾತ್ರ ಕೂಡದು. ಲೋಹದ ಕವಾಟವುಳ್ಳವರು ರಕ್ತದ ಮಾತ್ರೆಯನ್ನು ತಾವಾಗಿ ಬಿಟ್ಟರೆ, ಆ ಧೈರ್ಯಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಮೇಷ್ಟರ ಮನೆಯಲ್ಲಿ ಸೊಸೆ ಜಾಣೆ. ಮಾವನವರ ತೋಳಿನ ನೀಲಿಯನ್ನು ಕಂಡು ಒತ್ತಿ ಕೇಳಿದಳು. ಕಪ್ಪು ಮಲದ ಸಂಗತಿ ಹೊರಬಿದ್ದಿತು. "ಹೊಟ್ಟೆ ಸ್ವಲ್ಪ ಕೆಟ್ಟಿರಬೇಕಮ್ಮ, ನಾಳೆ ನೋಡೋಣ" ಎಂದರು ಅವರು. "ನಾಳೆ ಬೇಡ ಮಾವ, ಈಗಲೇ ಹೊರಡೋಣ" ಎಂದವಳು ಆಟೋ ತರಿಸಿದಳು. ಹೊರಡುವಾಗ ಗೂಡಿನಲ್ಲಿದ್ದ ಬಿಸ್ಕತ್ತಿನ ಡಬ್ಬಿಯನ್ನೇ ಎತ್ತಿಕೊಂಡಳು. ಆಸ್ಪತ್ರೆಯ ಮೇಜಿನ ಮೇಲೆ ಅದನ್ನು ಬೋರಲು ಹಾಕಿದಾಗ ತರುಣ ವೈದ್ಯರು ಒಂದೊಂದೇ ಹಾಳೆಯನ್ನು ಎತ್ತಿ ನೋಡುತ್ತ ಹೋದರು. ಎರಡನ್ನು ಮಾತ್ರ ಬೇರೆ ತೆಗೆದು ಪಕ್ಕಪಕ್ಕದಲ್ಲಿಟ್ಟರು. ಮಿಕ್ಕ ಪ್ರಶ್ನೆಗಳನ್ನು ಅವರು ಕೇಳಬೇಕಾಗಲಿಲ್ಲ.

ಮೇಷ್ಟರು ನಾಲ್ಕು ದಿನಗಳಲ್ಲಿ ಮನೆಗೆ ಮರಳಿದರು. ಪಕ್ಕದ ಮನೆಯ ರಾಯರು ನೋಡಲು ಬಂದು ತಲೆತಗ್ಗಿಸಿ ಕುಳಿತರು. "ನಿಮ್ಮದೇನೂ ತಪ್ಪಿಲ್ಲ ರಾಯರೇ" ಎಂದರು ಮೇಷ್ಟರು, "ನಾನು ನಿಮಗೆ ಹೇಳಬೇಕಾಗಿತ್ತು, ನೀವು ನನ್ನನ್ನು ಕೇಳಬೇಕಾಗಿತ್ತು. ಇಬ್ಬರೂ ಪಾಠ ಕಲಿತೆವು." ಗೋಡೆಯ ಗೂಡಿನಲ್ಲಿ ಈಗಲೂ ಅದೇ ಡಬ್ಬಿ ಇದೆ. ಅದರ ಮುಚ್ಚಳದ ಒಳಭಾಗದಲ್ಲಿ ಸೊಸೆಯ ದುಂಡಾದ ಅಕ್ಷರದಲ್ಲಿ ಬರೆದ ಒಂದು ಹಾಳೆ ಅಂಟಿಕೊಂಡಿದೆ.